ಐವತ್ತರ ಲೆನ್ಸ್ ಮತ್ತು ಓಟದ ಗೆರೆ

ನಿವೃತ್ತಳಾದ ಮೇಲೆ ಕ್ರೋಂಪೇಟೆಯ ನಮ್ಮ ಮನೆಗೆ ಹುಡುಕಿಕೊಂಡು ಬರುವ ಹುಡುಗ ಹುಡುಗಿಯರು ಕಾಫಿ ಲೋಟ ಕೈಗೆ ತಗೊಳ್ಳುವ ಮೊದಲೇ ಕೇಳುವುದು ಒಂದೇ ಪ್ರಶ್ನೆ: “ಮೇಡಂ, ಯಾವ ಲೆನ್ಸ್ ಕೊಂಡುಕೊಳ್ಳಲಿ?” ಅಂಗಡಿಯವನು ಹೇಳಿದ್ದು, ಮೊಬೈಲಿನಲ್ಲಿ ನೋಡಿದ್ದು, ಗೆಳೆಯ ತಗೊಂಡದ್ದು ಎಲ್ಲ ಅವರಿಗೆ ಬಾಯಿಪಾಠವಾಗಿರುತ್ತದೆ. ನನಗಿಂತ ಹೆಚ್ಚು ಅಂಕಿಗಳು ಅವರಿಗೆ ಗೊತ್ತು. ಹಾಗಾಗಿ ನಾನು ಅಂಕಿ ಹೇಳಲು ಹೋಗುವುದಿಲ್ಲ. ಮದ್ರಾಸಿನ ಒಂದು ಪತ್ರಿಕೆಯಲ್ಲಿ, ಅದು ಚೆನ್ನೈ ಆದ ಮೇಲೂ ಅದೇ ಪತ್ರಿಕೆಯಲ್ಲಿ, ನಾನು ಫೋಟೊ ತೆಗೆದೇ ಜೀವನ ಮಾಡಿದವಳು. ಹೆಚ್ಚು ಪಾಲು ಕ್ರೀಡಾ ಪುಟಕ್ಕೆ. ಆ ಕೆಲಸ ನಿಜವಾಗಿ ಹೇಗಿತ್ತು ಎನ್ನುವುದನ್ನು ಬರೆದಿಡುತ್ತೇನೆ. ಲೆನ್ಸಿನ ಪ್ರಶ್ನೆಗೆ ಉತ್ತರ ಅದರೊಳಗೇ ಸಿಕ್ಕೀತು. ಇಲ್ಲಿ ಬರುವ ಜನ ಬಹುತೇಕ ತಮಿಳಿನಲ್ಲಿ ಮಾತಾಡಿದವರು. ಕನ್ನಡದಲ್ಲಿ ಬರೆಯುವಾಗ ಒಂದೆರಡು ತಮಿಳು ಮಾತು ಹಾಗೇ ಉಳಿದಿದ್ದರೆ ಅದು ಇಲ್ಲಿ ಬೆಳೆದ ನನ್ನ ನಾಲಗೆಯ ಗುಣ.

ನಮ್ಮಪ್ಪ ಗದಗಿನ ಕಡೆಯವರು. ರೈಲ್ವೆ ಕಚೇರಿಯ ಗುಮಾಸ್ತಿಕೆ ಅವರನ್ನು ಮದ್ರಾಸಿಗೆ ತಂದಿತ್ತು. ಹೊರಗೆ ತಮಿಳು, ಒಳಗೆ ಗದಗಿನ ಕನ್ನಡ. ಡಿಗ್ರಿ ಮುಗಿಸಿ ನಾನು ತಾಂಬರಂ ಸ್ಟೇಷನ್ನಿನ ಎದುರಿನ ಒಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುವ ಕೆಲಸಕ್ಕೆ ಸೇರಿದೆ. “ಗಲ್ಲ ಸ್ವಲ್ಪ ಕೆಳಗೆ, ಕಣ್ಣು ಮುಚ್ಚಬೇಡಿ” ಎನ್ನುವುದನ್ನು ನಾಲ್ಕು ಭಾಷೆಯಲ್ಲಿ ಕಲಿತೆ. ಅಲ್ಲಿಂದ ಪತ್ರಿಕೆಗೆ ಅರ್ಜಿ ಹಾಕಿದಾಗ, ಕೆಲಸವೂ ಸಿಕ್ಕಾಗ, ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

“ಅಲ್ಲs, ಹೆಗಲಿಗೆ ಕ್ಯಾಮೆರಾ ಹಾಕ್ಕೊಂಡು ಗಂಡಸರ ನಡುವ ಊರೆಲ್ಲಾ ಅಡ್ಡಾಡಾಕಿ ಏನು ನೀನು?”

ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ಅಡ್ಡಾಡ್ಲಿ ಬಿಡು. ಒಂದs ಕುರ್ಚ್ಯಾಗ ಕೂತು ನಾನೇನು ಕಂಡೇನಿ?”

ಆ ಒಂದು ಮಾತಿನ ಬಲದ ಮೇಲೆ ನಾನು ಮರುದಿನ ಎಲೆಕ್ಟ್ರಿಕ್ ಟ್ರೇನ್ ಹತ್ತಿದೆ.

ಪತ್ರಿಕೆಯ ಮುಖ್ಯ ಛಾಯಾಗ್ರಾಹಕರು ತಿರುವೆಂಗಡಂ ಸರ್. ಬಿಳಿ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಬೀರುವಿನ ಬೀಗದ ಕೈ. ಆ ಕಬ್ಬಿಣದ ಬೀರುವಿನಲ್ಲಿ ಕಚೇರಿಯ ಲೆನ್ಸುಗಳೆಲ್ಲ ಸಾಲಾಗಿ ಕೂತಿದ್ದವು. ಇಡೀ ಕೋಣೆಯನ್ನು ನುಂಗುವ ಇಪ್ಪತ್ನಾಲ್ಕು ಮಿಲಿಮೀಟರಿನ ಅಗಲ ಲೆನ್ಸ್, ಮುಖಗಳಿಗೆ ಹೇಳಿ ಮಾಡಿಸಿದ ನೂರಾ ಮೂವತ್ತೈದು, ಮೈದಾನದ ಆ ತುದಿಯಲ್ಲಿರುವವನ ಬೆವರನ್ನೂ ಕಾಣಿಸುವ ಮುನ್ನೂರು. ಮುನ್ನೂರಕ್ಕೆ ವೆಲ್ವೆಟ್ಟಿನ ಚೀಲ ಬೇರೆ. ನನ್ನ ಜೊತೆಗೇ ಸೇರಿದ ಹುಡುಗನಿಗೆ ಸರ್ ನೂರಾ ಮೂವತ್ತೈದು ಕೊಟ್ಟರು. ನನ್ನ ಕೈಗೆ ಐವತ್ತರ ಲೆನ್ಸ್ ಇಟ್ಟರು. ಕ್ಯಾಮೆರಾ ಕೊಂಡಾಗ ಅದರ ಜೊತೆಗೇ ಬರುತ್ತಿದ್ದ ಲೆನ್ಸ್ ಅದು. ಕಣ್ಣಿಗೆ ಹೇಗೆ ಕಾಣುತ್ತದೋ ಹೆಚ್ಚುಕಡಿಮೆ ಹಾಗೇ ತೋರಿಸುತ್ತದೆ. ದೂರದ್ದನ್ನು ಹತ್ತಿರ ತರುವುದಿಲ್ಲ, ಹತ್ತಿರದ್ದನ್ನು ಹಿಗ್ಗಿಸುವುದೂ ಇಲ್ಲ.

“ಸರ್, ಕ್ರೀಡೆಗೆ ಇದು ಸಾಕಾಗುತ್ತಾ?” ಎಂದೆ.

“ಇದರಲ್ಲಿ ಸಿಗಲಿಲ್ಲ ಅಂದರೆ ಹತ್ತಿರ ಹೋಗಮ್ಮಾ,” ಎಂದು ಬೀರುವಿಗೆ ಬೀಗ ಹಾಕಿದರು. “ಹೋಗೋಕೆ ಬಿಡಲಿಲ್ಲ ಅಂದರೆ ಸ್ಟುಡಿಯೋ ಕೆಲಸ ಇದ್ದೇ ಇದೆ.”

ಸಿಟ್ಟು ಬಂತು. ಹಾಕಿ ಪಂದ್ಯಕ್ಕೆ ಕಳಿಸಿದರು. ಉಳಿದ ಪತ್ರಿಕೆಗಳವರು ಉದ್ದ ಲೆನ್ಸುಗಳನ್ನು ಕೋವಿಯಂತೆ ಹಿಡಿದು ಗೋಲಿನ ಹಿಂದೆ ಸಾಲಾಗಿ ಕೂತಿದ್ದರು. ನಾನೂ ಅವರ ಪಕ್ಕದಲ್ಲಿ ಕೂತು ಅವರು ಒತ್ತಿದಾಗಲೆಲ್ಲ ಒತ್ತಿದೆ. ಪ್ರಿಂಟು ನೋಡಿದ ಕ್ರೀಡಾ ಪುಟದವರು, “ಹುಲ್ಲು ಚೆನ್ನಾಗಿ ಬಂದಿದೆ, ಹಾಕಿ ಎಲ್ಲಮ್ಮಾ?” ಎಂದರು. ಆಟಗಾರರು ಇರುವೆಯಷ್ಟಿದ್ದರು. ಚೆಂಡು ಕಾಣಲೇ ಇಲ್ಲ.

ಅವತ್ತು ಟ್ರೇನಿನಲ್ಲಿ ಮನೆಗೆ ಬರುವಾಗ ಯೋಚಿಸಿದೆ. ಉದ್ದ ಲೆನ್ಸಿನವರು ಕೂತ ಕಡೆ ಐವತ್ತನ್ನು ಹಿಡಿದು ಕೂತದ್ದೇ ನನ್ನ ದಡ್ಡತನ. ನನ್ನ ಲೆನ್ಸಿಗೆ ಬೇಕಾದ ಜಾಗ ಬೇರೆ ಇರಬೇಕು. ಮುಂದಿನ ವಾರ ಹೆಣ್ಣುಮಕ್ಕಳ ವಾಲಿಬಾಲ್ ಪಂದ್ಯ. ನಾನು ಬೇಗ ಹೋಗಿ, ಅಂಪೈರ್ ಹತ್ತುವ ಏಣಿಯ ಬುಡದಲ್ಲಿ, ನೆಟ್ಟಿನ ಕಂಬಕ್ಕೆ ಹತ್ತಿರವಾಗಿ ಕೂರಲು ಅನುಮತಿ ಕೇಳಿದೆ. “ಚೆಂಡು ತಲೆಗೆ ಬಿದ್ದರೆ ನಾವು ಜವಾಬ್ದಾರರಲ್ಲ” ಎಂದರು ಸಂಘಟಕರು. ಬಿತ್ತು ಕೂಡ, ಎರಡು ಸಲ. ಆದರೆ ಮೂರನೆಯ ಸೆಟ್ಟಿನಲ್ಲಿ ಇಬ್ಬರು ಹುಡುಗಿಯರು ನೆಟ್ಟಿನ ಎರಡೂ ಕಡೆಯಿಂದ ಒಟ್ಟಿಗೆ ಹಾರಿದರು. ನಾಲ್ಕು ಅಂಗೈಗಳ ನಡುವೆ ಚೆಂಡು ಸಿಕ್ಕಿಹಾಕಿಕೊಂಡಿತು, ನೆಟ್ಟಿನ ತೂತುಗಳಲ್ಲಿ ಇಬ್ಬರ ಮುಖ, ಬಿಗಿದ ಹಲ್ಲು. ನಾನು ಒತ್ತಿದೆ. ಗ್ಯಾಲರಿಯ ಮೇಲಿದ್ದ ಉದ್ದ ಲೆನ್ಸಿನವರಿಗೆ ಸಿಕ್ಕದ್ದು ಬೆನ್ನುಗಳು.

ಮಾರನೆಯ ದಿನ ಆ ಚಿತ್ರ ಮೊದಲ ಪುಟದಲ್ಲಿ, ಕೆಳಗೆ ನನ್ನ ಹೆಸರಿನೊಂದಿಗೆ ಬಂತು. ಅಪ್ಪ ಸ್ಟೇಷನ್ನಿನಲ್ಲಿ ಸಿಕ್ಕಿದಷ್ಟು ಪ್ರತಿಗಳನ್ನು ಕೊಂಡು ಕಚೇರಿಯಲ್ಲೆಲ್ಲ ಹಂಚಿದರಂತೆ. ತಿರುವೆಂಗಡಂ ಸರ್ ಹೊಗಳಲಿಲ್ಲ. ಬೀರು ತೆರೆದು ನೂರಾ ಮೂವತ್ತೈದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟು ಹೋದರು.

ಎರಡು ಲೆನ್ಸ್ ಕೈಗೆ ಬಂದದ್ದೇ ನನಗೆ ಕೋಡು ಮೂಡಿತು. ಹೋಳಿಗೆ ಸೌಕಾರ್‌ಪೇಟೆಗೆ ಕಳಿಸಿದರು. ಆ ಇಕ್ಕಟ್ಟಿನ ಬೀದಿಗಳಲ್ಲಿ ಅವತ್ತು ಗಾಳಿಯೇ ಗುಲಾಲು. ಬಟ್ಟೆ ಅಂಗಡಿಗಳ ಜೈನ ಸೇಠ್‌ಗಳು, ಅವರ ಮನೆಯ ಹೆಂಗಸರು, ಮಹಡಿಯಿಂದ ಬಣ್ಣ ಸುರಿಯುವವರು. ಹತ್ತಿರಕ್ಕೆ ಐವತ್ತು, ಮಹಡಿಗೆ ನೂರಾ ಮೂವತ್ತೈದು ಎಂದುಕೊಂಡು ನಾನು ನಡುಬೀದಿಯಲ್ಲೇ ಲೆನ್ಸ್ ಬದಲಾಯಿಸುತ್ತ ಹೋದೆ. ಪ್ರತಿ ಸಲ ತೆರೆದಾಗಲೂ ಕ್ಯಾಮೆರಾದ ಹೊಟ್ಟೆಗೆ ಒಂದಿಷ್ಟು ಗುಲಾಲು ಇಳಿಯುತ್ತಿತ್ತು. ನನಗೇನು ಗೊತ್ತು? ರೋಲು ತೊಳೆದು ನೋಡಿದರೆ, ಪುಡಿಯ ಮೇಲೆ ಉಜ್ಜಿಕೊಂಡು ಸಾಗಿದ ಫಿಲ್ಮಿನ ಉದ್ದಕ್ಕೂ, ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ ಮೂರು ಗೀರು.

ತಿರುವೆಂಗಡಂ ಸರ್ ನೆಗೆಟಿವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಕ್ಯಾಮೆರಾ ಅಡ್ಡ ಹಿಡಿದು ತೆಗೆದ ಚಿತ್ರಗಳಲ್ಲಿ ಗೀರು ಹಣೆಯ ಮೇಲೆ ಅಡ್ಡ ಬಿದ್ದಿತ್ತು. ನಿಲ್ಲಿಸಿ ತೆಗೆದವುಗಳಲ್ಲಿ ನೆಟ್ಟಗೆ.

“ಇವರಿಗೆಲ್ಲ ವಿಭೂತಿ, ಇವರಿಗೆಲ್ಲ ನಾಮ,” ಎಂದರು. “ಸೌಕಾರ್‌ಪೇಟೆಯ ಜೈನರನ್ನ ಒಂದೇ ದಿನದಲ್ಲಿ ಶೈವರೂ ವೈಷ್ಣವರೂ ಮಾಡಿಬಿಟ್ಟೆಯಲ್ಲಮ್ಮಾ, ದೊಡ್ಡ ಕೆಲಸ!”

ಇಡೀ ವಿಭಾಗ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. ಅಂದಿನಿಂದ ಧೂಳಿಗೆ, ಬಣ್ಣಕ್ಕೆ, ಕಡಲ ಗಾಳಿಗೆ ಹೋಗುವ ಮೊದಲೇ ಒಂದು ಲೆನ್ಸ್ ಆರಿಸಿ ಹಾಕಿಕೊಂಡು, ಕೆಲಸ ಮುಗಿಯುವವರೆಗೆ ಅದನ್ನು ಕಳಚದೆ ಇರುವುದನ್ನು ರೂಢಿಸಿಕೊಂಡೆ. ಈಗಿನ ಕ್ಯಾಮೆರಾಗಳಲ್ಲಿ ಫಿಲ್ಮಿನ ಜಾಗದಲ್ಲಿ ಸೆನ್ಸರ್ ಇದೆ, ಧೂಳಿಗೆ ಅದೂ ಹೊರತಲ್ಲ. ಹೀಗೆ ಒಂದೇ ಲೆನ್ಸಿನಲ್ಲಿ ದಿನವಿಡೀ ದುಡಿದರೆ ಇನ್ನೊಂದು ಲಾಭವಿದೆ. ಕ್ಯಾಮೆರಾ ಕಣ್ಣಿಗೆ ಹಿಡಿಯುವ ಮೊದಲೇ ಚೌಕಟ್ಟಿನಲ್ಲಿ ಏನು ಕೂರುತ್ತದೆ ಎನ್ನುವುದು ಗೊತ್ತಾಗತೊಡಗುತ್ತದೆ. ಅದು ಬಂದ ದಿನ ನೀವು ಕೆಲಸ ಕಲಿತಿರಿ ಎಂದು ಲೆಕ್ಕ.

ಒಂದು ಮಳೆಗಾಲ ಕಳೆದ ಮೇಲೆ ಊರಿನಲ್ಲಿ ದೊಡ್ಡ ಟೆನಿಸ್ ಪಂದ್ಯಾವಳಿ ಬಂತು. ತಿರುವೆಂಗಡಂ ಸರ್ ತಾವೇ ಹೊರಟರು. ವೆಲ್ವೆಟ್ ಚೀಲದಿಂದ ಮುನ್ನೂರನ್ನು ಹೊರತೆಗೆದು ಕಿಟಕಿಗೆ ಹಿಡಿದವರು ಹಾಗೇ ಕುರ್ಚಿಯ ಮೇಲೆ ಕುಸಿದರು. ನಾನು ಹೋಗಿ ನೋಡಿದೆ. ಗಾಜಿನ ಒಳಗೆ, ಒರೆಸಿದರೆ ಹೋಗದ ಜಾಗದಲ್ಲಿ, ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಮದ್ರಾಸಿನ ತೇವದ ಗಾಳಿಗೆ ಕತ್ತಲ ಬೀರು, ವೆಲ್ವೆಟ್ ಚೀಲ ಸಿಕ್ಕರೆ ಬೂಷ್ಟಿಗೆ ಇನ್ನೇನು ಬೇಕು? ದಿನಾ ಬಿಸಿಲಿನಲ್ಲಿ ಅಲೆದಾಡುತ್ತಿದ್ದ ನನ್ನ ಐವತ್ತರ ಗಾಜು ಮಾತ್ರ ಸ್ವಚ್ಛವಾಗಿತ್ತು.

“ಯಾರ ಕೈಗೂ ಕೊಡದೆ ಕಾಪಾಡಿದೆ,” ಎಂದರು ಸರ್. ದನಿ ಸಣ್ಣದಾಗಿತ್ತು. “ಹಾಳಾಗಲಿ ಅಂತಾನೇ ಕಾಪಾಡಿದ ಹಾಗಾಯ್ತು.”

ಆ ಪಂದ್ಯಾವಳಿಗೆ ನನ್ನನ್ನೂ ಕರೆದುಕೊಂಡು ಹೋದರು. ವಾಪಸು ಬಂದ ದಿನ ಬೀರುವಿನ ಬೀಗ ತೆಗೆದು ಕಸದ ಬುಟ್ಟಿಗೆ ಹಾಕಿದರು. “ಎಲ್ಲರೂ ಎಲ್ಲಾನೂ ತಗೊಂಡು ಹೋಗಿ. ಬಳಸಿ. ಒಡೆದರೆ ನಾನು ಉತ್ತರ ಕೊಡ್ತೀನಿ.” ಎಷ್ಟೋ ಮೇಲಧಿಕಾರಿಗಳನ್ನು ಕಂಡಿದ್ದೇನೆ, ತಮ್ಮ ನಿಯಮ ತಪ್ಪೆಂದು ಕಂಡ ದಿನವೇ ಅದನ್ನು ಬಿಟ್ಟುಕೊಟ್ಟವರು ಅವರೊಬ್ಬರೇ. ಮುನ್ನೂರನ್ನು ಬಿಚ್ಚಿ ತೊಳೆಸಿದರು. ಸ್ವಲ್ಪ ಮಂಜು ಉಳಿಯಿತು. “ನೀನೇ ಇಟ್ಕೋ” ಎಂದು ಅದನ್ನು ನನಗೇ ಕೊಟ್ಟರು. ಎದುರು ಬೆಳಕಿನಲ್ಲಿ ಅದು ಕೊಡುತ್ತಿದ್ದ ಮೆತ್ತನೆ ಬೆಳಕನ್ನು ಜನ ಕಲೆಗಾರಿಕೆ ಎಂದುಕೊಂಡರು, ನಾನು ಬೇಡ ಎನ್ನಲಿಲ್ಲ.

ಆಗ ತೇವ ತಡೆಯುವ ವಿದ್ಯುತ್ ಪೆಟ್ಟಿಗೆಗಳು ನಮಗೆ ಸಿಗುತ್ತಿರಲಿಲ್ಲ. ನಾನು ಮನೆಯಲ್ಲಿದ್ದ ಬಿಗಿ ಮುಚ್ಚಳದ ಅಕ್ಕಿ ಡಬ್ಬಿಯನ್ನು ಖಾಲಿ ಮಾಡಿ, ತಳಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಲೆನ್ಸುಗಳನ್ನು ಅದರಲ್ಲಿಟ್ಟೆ.

“ಇನ್ನ ಅಕ್ಕಿ ಎಲ್ಲಿ ಹಾಕ್ಲಿ, ನಿನ್ನ ಕ್ಯಾಮೆರಾ ಚೀಲದಾಗೇನು?” ಎಂದಳು ಅವ್ವ. ಆದರೆ ತಿಂಗಳಿಗೊಮ್ಮೆ ಆ ಪೊಟ್ಟಣಗಳನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತೇವ ಆರಿಸಿ ಮತ್ತೆ ಒಳಗಿಡುತ್ತಿದ್ದವಳು ಅವಳೇ. ನನ್ನ ಒಂದು ಲೆನ್ಸಿಗೂ ಬೂಷ್ಟು ಹತ್ತಲಿಲ್ಲ.

ಈ ಊರಿನ ಹವೆಯನ್ನು ಅರ್ಥ ಮಾಡಿಕೊಂಡದ್ದರಿಂದ ಆದ ಇನ್ನೊಂದು ಗೆಲುವನ್ನೂ ಹೇಳಿಬಿಡುತ್ತೇನೆ. ಕಡಲ ದಂಡೆಯಲ್ಲಿ ದೋಣಿ ಸ್ಪರ್ಧೆ. ಸುದ್ದಿಗಾರರಿಗೆಂದು ಒಂದು ಎ.ಸಿ. ಕೋಣೆ ಕೊಟ್ಟಿದ್ದರು, ಬಿಸಿಲಿಗೆ ಬೇಸತ್ತು ಎಲ್ಲರೂ ಒಳಗೆ ಸೇರಿದರು. ನಾನು ಹೊರಗಿನ ಪೂವರಸಿ ಮರದ ನೆರಳಿನಲ್ಲಿ ಬೆವರುತ್ತ ಕೂತೆ. “ವಾಂಗೋ ಮೇಡಂ, ಒಳಗೆ ತಣ್ಣಗಿದೆ” ಎಂದು ಕರೆದರು, ಹೋಗಲಿಲ್ಲ. ಸ್ಪರ್ಧೆ ಶುರುವಾಗುತ್ತಿದ್ದಂತೆ ಎಲ್ಲರೂ ಹೊರಗೆ ಓಡಿ ಬಂದರು. ತಣ್ಣಗಾಗಿದ್ದ ಲೆನ್ಸುಗಳಿಗೆ ಕಡಲ ಬಿಸಿಗಾಳಿ ತಗುಲಿದ್ದೇ ತಡ, ಒಂದೊಂದು ಗಾಜಿನ ಮೇಲೂ ಹಬೆ ಕೂತಿತು. ಅವರು ಕರವಸ್ತ್ರದಿಂದ ಒರೆಸುತ್ತಿದ್ದರು, ಅದು ಮತ್ತೆ ಕೂರುತ್ತಿತ್ತು. ಅಷ್ಟರಲ್ಲಿ ದೋಣಿಗಳು ಅಲೆಯ ಮೇಲೆ ಎದ್ದು ನಿಂತ ಗಳಿಗೆ ಬಂದು ಹೋಯಿತು. ಮರುದಿನ ಆ ಚಿತ್ರ ಇದ್ದದ್ದು ನಮ್ಮ ಪತ್ರಿಕೆಯಲ್ಲಿ ಮಾತ್ರ. ಇಂದಿಗೂ ನಾನು ಚೀಲವನ್ನು ಎ.ಸಿ. ಕಾರಿನಲ್ಲಿ ಝಿಪ್ ಹಾಕಿಯೇ ಇಡುತ್ತೇನೆ, ಕೆಲಸದ ಜಾಗಕ್ಕೆ ಮುಂಚೆ ತಲುಪಿ ಅದನ್ನು ಹೊರಗಿನ ಗಾಳಿಗೆ ಒಗ್ಗಿಸಿ ಆಮೇಲೆ ತೆರೆಯುತ್ತೇನೆ.

ತಿರುವೆಂಗಡಂ ಸರ್ ನಿವೃತ್ತರಾದರು. ಫಿಲ್ಮ್ ಹೋಯಿತು, ಕತ್ತಲ ಕೋಣೆ ಗೋದಾಮಾಯಿತು, ಡಿಜಿಟಲ್ ಬಂತು. ತೆಗೆದ ಗಳಿಗೆಯಲ್ಲೇ ಚಿತ್ರ ಕಾಣುತ್ತದೆ ಎಂದು ಮೊದಲ ದಿನ ನಾನು ಮಗುವಿನ ಹಾಗೆ ಕುಣಿದೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಚಿತ್ರ ವಿಭಾಗಕ್ಕೆ ಪ್ರಭಾಕರ್ ಸಂಪಾದಕರಾಗಿ ಬಂದರು. ನನಗಿಂತ ಬಹಳ ಚಿಕ್ಕವರು, ಚುರುಕು, ಕೆಲಸದ ಹುಚ್ಚಿನವರು. ಬಂದವರೇ ಹಠ ಹಿಡಿದು ಕಚೇರಿಗೆ ನಾನೂರರ ದೊಡ್ಡ ಲೆನ್ಸ್ ತರಿಸಿದರು. ಅದಕ್ಕೆ ಒಂಟಿ ಕಾಲಿನ ಸ್ಟ್ಯಾಂಡ್ ಬೇಕು, ಅಷ್ಟು ಭಾರ.

ಅದನ್ನು ಪರೀಕ್ಷಿಸಲೆಂದೇ ಅವರು ನನ್ನ ಜೊತೆ ಶಾಲಾ ಮಕ್ಕಳ ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಬಂದರು. ತಾಂಬರಂ ಆಚೆಯ ಒಂದು ಕಾಲೇಜು ಮೈದಾನ, ಮಣ್ಣಿನ ಟ್ರ್ಯಾಕು, ಸುಣ್ಣದ ಗೆರೆಗಳು. ಗೆಲುವಿನ ಗೆರೆಗೆ ಹಾಕುವ ಎಲೆಕ್ಟ್ರಾನಿಕ್ ಕ್ಯಾಮೆರಾ ದೊಡ್ಡ ಕೂಟಗಳಿಗಷ್ಟೇ ಬರುತ್ತದೆ. ಇಲ್ಲಿ ತೀರ್ಪುಗಾರರ ಕಣ್ಣೇ ಗತಿ.

ಹೆಣ್ಣುಮಕ್ಕಳ ನಾನೂರು ಮೀಟರ್ ಫೈನಲ್. ಮೊದಲು ಬಂದವಳೊಬ್ಬಳೇ ಆ ಓಟದಲ್ಲಿ ರಾಜ್ಯ ಮಟ್ಟಕ್ಕೆ ಹೋಗುವುದು. ಎರಡನೆಯ ಲೇನಿನಲ್ಲಿ ತಾಂಬರಂ ಶಾಲೆಯ ಸೆಲ್ವಿ, ಏಳನೆಯದರಲ್ಲಿ ಕ್ರೋಂಪೇಟೆಯ ನಂದಿನಿ. ಸೆಲ್ವಿಗೆ ಹನ್ನೆರಡನೆಯ ತರಗತಿ, ಶಾಲೆಯ ಕಡೆಯಿಂದ ಓಡಲು ಅದೇ ಕೊನೆಯ ಅವಕಾಶ. ರಾಜ್ಯ ಮಟ್ಟದಲ್ಲಿ ಓಡಿದರೆ ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟು ಸಿಗಬಹುದು, ಇಲ್ಲವಾದರೆ ಓದು ಅಲ್ಲಿಗೇ ನಿಂತೀತು ಎಂದು ಅವಳ ಟೀಚರ್ ನನಗೆ ಬೆಳಿಗ್ಗೆಯೇ ಹೇಳಿದ್ದರು.

“ಮೇಡಂ, ಓಟ ನಾನು ನೋಡ್ಕೋತೀನಿ. ನೀವು ಬಹುಮಾನ ಕೊಡೋದು ತೆಗೆದರೆ ಸಾಕು,” ಎಂದು ಪ್ರಭಾಕರ್ ಗೆಲುವಿನ ಗೆರೆಯಾಚೆ ದೂರದಲ್ಲಿ, ಓಟಗಾರರಿಗೆ ಎದುರಾಗಿ ನಾನೂರನ್ನು ಹೂಡಿ ನಿಂತರು. ನನಗೆ ಸುಮ್ಮನೆ ಕೂರಲಾಗಲಿಲ್ಲ. ಐವತ್ತರ ಲೆನ್ಸ್ ಹಾಕಿಕೊಂಡು ಹೋಗಿ, ಎಂಟನೆಯ ಲೇನಿನ ಹೊರಗೆ, ಸರಿಯಾಗಿ ಸುಣ್ಣದ ಗೆರೆಯ ನೇರಕ್ಕೆ ನೆಲದ ಮೇಲೆ ಕೂತೆ. ಗೆರೆ ನನ್ನ ಎದುರಿನಿಂದ ಹೊರಟು ಟ್ರ್ಯಾಕಿನ ಆ ಅಂಚಿನವರೆಗೆ ಒಂದು ಕಡ್ಡಿಯಂತೆ ನೆಟ್ಟಗೆ ಕಾಣುತ್ತಿತ್ತು.

ಕೊನೆಯ ತಿರುವಿನಿಂದ ಇಬ್ಬರೂ ಒಟ್ಟಿಗೆ ಹೊರಬಂದರು. ಉಳಿದವರೆಲ್ಲ ಹಿಂದೆ. ನಂದಿನಿ ಹತ್ತಿರದಲ್ಲಿ, ಸೆಲ್ವಿ ಆ ದೂರದ ಲೇನಿನಲ್ಲಿ ತಲೆ ತಗ್ಗಿಸಿ ಎದೆ ಮುಂದೆ ಹಾಕಿ. ಗೆರೆ ಮುಟ್ಟುವಾಗ ನಂದಿನಿ ಎರಡೂ ಕೈ ಮುಂದೆ ಎತ್ತಿ ಚಾಚಿದಳು. ಮೈದಾನವೇ ಕೂಗಿತು. ನಾನು ಬೆರಳನ್ನು ಒತ್ತಿಯೇ ಹಿಡಿದಿದ್ದೆ.

ನಂದಿನಿ ಪ್ರಥಮ ಎಂದು ಮೈಕಿನಲ್ಲಿ ಸಾರಿದರು. ಅಷ್ಟರಲ್ಲೇ ಗೆರೆಯ ಬಳಿಯ ಇಬ್ಬರು ತೀರ್ಪುಗಾರರಲ್ಲಿ ಒಬ್ಬರು ಎರಡನೇ ಲೇನ್ ಎನ್ನುತ್ತಿದ್ದಾರೆಂದು ಗುಸುಗುಸು. ಸೆಲ್ವಿಯ ಟೀಚರ್ ಓಡಿ ಬಂದು ರೆಫರಿಗೆ ಆಕ್ಷೇಪಣೆ ಸಲ್ಲಿಸಿದರು. ರೆಫರಿ ಜಯರಾಜ್ ಎಂಬ ಹಿರಿಯರು, ಮುಂಗೋಪಿಯಲ್ಲ, ಅವಸರದವರೂ ಅಲ್ಲ. “ಯಾರ ಹತ್ತಿರವಾದರೂ ಫೋಟೊ ಇದೆಯಾ?” ಎಂದು ಕೇಳಿದರು.

ಪ್ರಭಾಕರ್ ತಮ್ಮ ಕ್ಯಾಮೆರಾದ ಪರದೆ ತೋರಿಸಿದರು. ಎಂಥ ಚೆಂದದ ಚಿತ್ರ! ಇಬ್ಬರ ಮುಖವೂ ನಿಚ್ಚಳ, ಹಿನ್ನೆಲೆಯೆಲ್ಲ ಕರಗಿದ ಬಣ್ಣ. ಅದರಲ್ಲಿ ನಂದಿನಿ ಕೈ ಚಾಚಿ ಮುಂದೆ, ಸೆಲ್ವಿ ಅವಳಿಗಿಂತ ಒಂದು ಕೂದಲೆಳೆ ಹಿಂದೆ ಎಂದೇ ಯಾರು ನೋಡಿದರೂ ಹೇಳುತ್ತಿದ್ದರು. ಸೆಲ್ವಿ ಮೊಣಕಾಲು ಹಿಡಿದು ಬಗ್ಗಿ ನಿಂತಿದ್ದಳು. “ನಾನೇ ಟೀಚರ್, ನಾನೇ ಮೊದಲು,” ಎಂದಷ್ಟೇ ಹೇಳುತ್ತಿದ್ದಳು.

ನಾನು ನನ್ನ ಚಿತ್ರಗಳನ್ನು ಒಂದೊಂದಾಗಿ ಹಿಂದೆ ಸರಿಸಿದೆ. ಒಂದರಲ್ಲಿ ನಿಂತುಬಿಟ್ಟೆ. ಸುಣ್ಣದ ಗೆರೆ ಚೌಕಟ್ಟಿನ ನಡುವೆ ನೆಟ್ಟಗಿದೆ. ಸೆಲ್ವಿಯ ಎದೆ ಗೆರೆ ದಾಟಿದೆ. ನಂದಿನಿಯ ಅಂಗೈಗಳು ದಾಟಿವೆ, ಎದೆ ಇನ್ನೂ ಈಚೆಗಿದೆ. ಓಟದಲ್ಲಿ ಎಣಿಕೆಗೆ ಬರುವುದು ಎದೆ ಹೊಟ್ಟೆಯ ಭಾಗ, ಕೈಯಲ್ಲ, ತಲೆಯೂ ಅಲ್ಲ. ಕ್ರೀಡಾ ಪುಟಕ್ಕೆ ದುಡಿದವರಿಗೆ ಅಷ್ಟು ಗೊತ್ತಿರುತ್ತದೆ.

ಎದುರಿಗಿರುವವರು ನನ್ನ ಮೇಲಧಿಕಾರಿ. ಅಷ್ಟು ಜನರ ಮುಂದೆ ಅವರ ಚಿತ್ರ ಸರಿಯಿಲ್ಲ ಎನ್ನಬೇಕು. ಆದರೆ ಆ ಹುಡುಗಿ ಇನ್ನೂ ಮೊಣಕಾಲು ಬಿಟ್ಟಿರಲಿಲ್ಲ. ನಾನು ಗುಂಪಿನೊಳಗೆ ನುಗ್ಗಿದೆ.

“ಸರ್, ಇದನ್ನೂ ನೋಡಿ.”

ಜಯರಾಜ್ ಕನ್ನಡಕ ಏರಿಸಿ ನೋಡಿದರು. ಪ್ರಭಾಕರ್ ಅವರ ಚಿತ್ರವನ್ನೂ ಮತ್ತೊಮ್ಮೆ ನೋಡಿ ನನ್ನತ್ತ ತಿರುಗಿದರು. “ಏನಮ್ಮಾ ಇದು? ಒಂದೇ ಓಟ, ಎರಡು ಫೋಟೊ, ಎರಡು ಮಾತು. ನಾನು ಯಾವುದನ್ನ ನಂಬಲಿ?”

“ಎರಡೂ ನಿಜದ ಫೋಟೊನೇ ಸರ್,” ಎಂದೆ. “ಪ್ರಭಾಕರ್ ಸರ್ ನಿಂತದ್ದು ಎದುರಿಗೆ, ಬಹಳ ದೂರ. ಅಷ್ಟು ದೂರದಿಂದ ನೋಡಿದರೆ ಮುಂದಿರುವವರು ಹಿಂದಿರುವವರು ಒತ್ತಿಕೊಂಡು ಒಂದೇ ಸಾಲಿನಲ್ಲಿ ಇರುವ ಹಾಗೆ ಕಾಣ್ತಾರೆ. ಕೈ ಚಾಚಿದವರು ಮುಂದಿರುವ ಹಾಗೆ ಅನಿಸುತ್ತೆ. ನಾನು ಗೆರೆಯ ನೇರಕ್ಕೇ ಇದ್ದೆ. ಯಾರು ದಾಟಿದರು ಅನ್ನೋದು ಅಲ್ಲಿಂದ ಮಾತ್ರ ಕಾಣುತ್ತೆ.”

“ಮಾತಿಗೆ ಚೆನ್ನಾಗಿದೆ,” ಎಂದರು ಜಯರಾಜ್. “ತೋರಿಸು.”

ಅಲ್ಲೇ ಬಿದ್ದಿದ್ದ ಎರಡು ಕಿತ್ತಳೆ ಬಣ್ಣದ ಕೋನ್‌ಗಳನ್ನು ಅವರೇ ಎತ್ತಿಕೊಂಡರು. ನಮ್ಮನ್ನೆಲ್ಲ ಆ ಕಡೆ ತಿರುಗಿ ನಿಲ್ಲಲು ಹೇಳಿ, ಗೆರೆಯ ಬಳಿ ಒಂದನ್ನು ಎರಡನೆಯ ಲೇನಿನಲ್ಲಿ, ಇನ್ನೊಂದನ್ನು ಏಳನೆಯದರಲ್ಲಿ ಇಟ್ಟರು. ಯಾವುದು ಮುಂದೆ ಎಂದು ಅವರಿಗೆ ಮಾತ್ರ ಗೊತ್ತು. ಪ್ರಭಾಕರ್ ತಮ್ಮ ಹಳೆಯ ಜಾಗಕ್ಕೆ ಹೋಗಿ ನಾನೂರರಲ್ಲಿ ಕಣ್ಣಿಟ್ಟರು. ಅವರು ಬಹಳ ಹೊತ್ತು ನೋಡಿದರು. ಊಹಿಸಿ ಒಂದು ಮಾತು ಎಸೆಯಬಹುದಿತ್ತು. ಅರ್ಧಕ್ಕರ್ಧ ಗೆಲ್ಲುವ ಸಾಧ್ಯತೆಯೂ ಇತ್ತು.

ಅವರು ಕ್ಯಾಮೆರಾ ಬಿಟ್ಟು ನಡೆದು ಬಂದರು. “ಹೇಳೋಕಾಗಲ್ಲ ಸರ್. ನನಗೆ ಎರಡೂ ಸಮ ಕಾಣ್ತಿದೆ.”

“ಎರಡನೇ ಲೇನಿನದು ನನ್ನ ಬೂಟಿನಷ್ಟು ಮುಂದಿದೆ,” ಎಂದರು ಜಯರಾಜ್. ಆಮೇಲೆ ಬಂದು ನನ್ನ ಜಾಗದಲ್ಲಿ ತಾವೇ ನೆಲಕ್ಕೆ ಕೂತು, ನನ್ನ ಐವತ್ತರಲ್ಲಿ ನೋಡಿದರು. ಗೆರೆಯ ಆಚೆ ಒಂದು ಕೋನ್, ಈಚೆ ಒಂದು. ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡು ಸೀದಾ ಮೈಕಿನ ಹತ್ತಿರ ನಡೆದರು.

ಎರಡನೆಯ ಲೇನ್, ಸೆಲ್ವಿ, ಪ್ರಥಮ.

ಆ ಹುಡುಗಿ ಮೊದಲು ಟೀಚರನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು, ಆಮೇಲೆ ನನ್ನನ್ನೂ. ಕ್ಯಾಮೆರಾ ಕುತ್ತಿಗೆಯಲ್ಲಿ ಜೋಲಾಡುತ್ತ ನಾನು ಗಾಳಿಯಲ್ಲಿ ಕಾಲು ಬಡಿದೆ. ನಂದಿನಿ ಕಣ್ಣೊರೆಸಿಕೊಂಡು ಬಂದು, “ಅಕ್ಕಾ, ನಾನೂ ನೋಡಬೇಕು,” ಎಂದಳು. ಪರದೆಯನ್ನು ಮುಖದ ಹತ್ತಿರ ಹಿಡಿದು ನೋಡಿದಳು. “ಕೈ ಎತ್ತಿದೆ ನೋಡಿ ಮುಟ್ಟಾಳ್! ಎದೆ ಹಿಂದೆ ಉಳೀತು,” ಎಂದು ತನ್ನನ್ನೇ ಬೈದುಕೊಂಡು, ಹೋಗಿ ಸೆಲ್ವಿಯ ಕೈ ಕುಲುಕಿದಳು.

ವಾಪಸು ಹೋಗುವಾಗ ಕಾರಿನಲ್ಲಿ ಪ್ರಭಾಕರ್ ಕ್ರೋಂಪೇಟೆ ದಾಟುವವರೆಗೂ ತಮ್ಮ ಚಿತ್ರವನ್ನೇ ಪರದೆಯ ಮೇಲೆ ಮತ್ತೆ ಮತ್ತೆ ನೋಡುತ್ತಿದ್ದರು. ಕೆಲಸಕ್ಕೆ ಕುತ್ತು ಬಂತೆಂದೇ ನಾನು ಕೂತಿದ್ದೆ. ಕೊನೆಗೆ, “ಮೇಡಂ, ನಾಳೆ ಮೊದಲ ಪುಟಕ್ಕೆ ನಿಮ್ಮದು. ದೊಡ್ಡದಾಗಿ,” ಎಂದರು. “ನನ್ನದು ಒಳಪುಟಕ್ಕೂ ಬೇಡ. ಅಷ್ಟು ಚೆಂದ ಇದ್ದದ್ದಕ್ಕೇ ಭಯ ಆಗುತ್ತೆ.” ಮುಂದಿನ ವಾರದಿಂದ, ಹೊಸದಾಗಿ ಸೇರಿದವರಿಗೆಲ್ಲ ಮೊದಲ ಮೂರು ತಿಂಗಳು ಐವತ್ತು ಮಾತ್ರ ಎಂದು ಅವರೇ ನಿಯಮ ಮಾಡಿದರು. ಹುಡುಗರು ನನ್ನನ್ನು ಬೈದುಕೊಂಡಿರಬೇಕು.

ಹಾಗೆಂದು ಉದ್ದ ಲೆನ್ಸ್ ಬೇಡ ಎಂದು ನಾನು ಹೇಳುವುದಿಲ್ಲ. ಪಳ್ಳಿಕರಣೆಯ ಜವುಗಿನಲ್ಲಿ ರಾಜಹಂಸ ತೆಗೆಯಲು ಐವತ್ತು ಹಿಡಿದು ಹೋದರೆ ನಿಮಗೆ ಸಿಗುವುದು ಕೆಸರು. ಬಾಡಿಗೆಗೆ ತನ್ನಿ, ನಾಲ್ಕು ದಿನ ಹೊತ್ತು ತಿರುಗಿ ನೋಡಿ, ಆಮೇಲೆ ಕೊಳ್ಳಿ. ನೀವು ಎಲ್ಲಿ ನಿಲ್ಲಬೇಕೆಂದು ಮೊದಲು ತೀರ್ಮಾನಿಸಿ. ಅಲ್ಲಿಂದ ಬೇಕಾದ ಲೆನ್ಸ್ ಯಾವುದೆಂದು ಆಮೇಲೆ ತಾನಾಗಿ ತಿಳಿಯುತ್ತದೆ.

ರಾಜ್ಯ ಮಟ್ಟದ ಕೂಟ ನಗರದ ದೊಡ್ಡ ಕ್ರೀಡಾಂಗಣದಲ್ಲಿ ನಡೆಯಿತು. ಅದು ನನ್ನ ಸೇವೆಯ ಕೊನೆಯ ವಾರ. ಸೆಲ್ವಿ ತನ್ನ ಓಟದಲ್ಲಿ ಮೂರನೆಯವಳಾಗಿ ಪದಕ ಗೆದ್ದಳು, ಕಾಲೇಜು ಸೀಟಿನ ಚಿಂತೆ ಅಲ್ಲಿಗೆ ಮುಗಿಯಿತು. ಆದರೆ ನಾನು ಕಾದದ್ದು ಕೊನೆಯ ದಿನದ, ನಾಲ್ವರು ಒಂದೊಂದು ಸುತ್ತು ಓಡುವ ರಿಲೇಗೆ. ಜಿಲ್ಲೆಯ ಆ ನಾನೂರು ಮೀಟರ್ ಓಟದಲ್ಲಿ ಮೊದಲ ನಾಲ್ಕು ಸ್ಥಾನ ಬಂದವರೇ ರಿಲೇ ತಂಡ. ಮೂರನೆಯ ಸುತ್ತು ಸೆಲ್ವಿಯದು, ಕೊನೆಯದು ನಂದಿನಿಯದು.

ಪ್ರಭಾಕರ್ ಎಲ್ಲ ಲೆನ್ಸುಗಳ ಪೆಟ್ಟಿಗೆಯನ್ನು ತೆರೆದು ನನ್ನ ಮುಂದಿಟ್ಟರು. “ಯಾವುದು ಬೇಕು ಮೇಡಂ? ಎಲ್ಲಿ ನಿಲ್ತೀರಿ? ನೀವು ಹೇಳಿದ ಮೇಲೆ ನಾನು ನನ್ನ ಜಾಗ ನೋಡ್ಕೋತೀನಿ.”

ನಾನು ಇನ್ನೂ ಯೋಚಿಸುತ್ತಿರುವಾಗಲೇ ಓಟ ಶುರುವಾಗಿಬಿಟ್ಟಿತು. ಕೈಗೆ ಸಿಕ್ಕ ಒಂದನ್ನು ಹಾಕಿಕೊಂಡು ಓಡಿದೆ. ಎರಡು ಸುತ್ತು ಮುಗಿದಾಗ ನಮ್ಮ ಜಿಲ್ಲೆ ನಾಲ್ಕನೆಯ ಸ್ಥಾನದಲ್ಲಿತ್ತು. ಬೇಟನ್ ಸೆಲ್ವಿಯ ಕೈಗೆ ಬಂತು. ಮೊದಲ ತಿರುವಿನಲ್ಲಿ ಒಬ್ಬಳನ್ನು ಹಿಂದೆ ಹಾಕಿದಳು, ನೇರದಲ್ಲಿ ಇನ್ನೊಬ್ಬಳನ್ನು, ಕೊನೆಯ ತಿರುವಿನಲ್ಲಿ ಮೂರನೆಯವಳನ್ನು. “ಓಡು ಡೀ, ಓಡು!” ಎಂದು ಕಿರುಚುತ್ತಲೇ ಬೇಟನ್ ಕೊಟ್ಟಳು. ನಂದಿನಿ ಕಿತ್ತುಕೊಂಡವಳೇ ಹಿಂದೆ ತಿರುಗಿ ನೋಡಲಿಲ್ಲ. ಗ್ಯಾಲರಿಯೆಲ್ಲ ಎದ್ದು ನಿಂತಿತು. ಕೊನೆಯ ನೇರಕ್ಕೆ ಅವಳು ಬಂದಾಗ ಕೈಗಳು ಬದಿಯಲ್ಲೇ ಇದ್ದವು, ಎದೆ ಮುಂದಕ್ಕಿತ್ತು.

ಆ ಕೊನೆಯ ಚಿತ್ರಕ್ಕೆ ಯಾವ ಲೆನ್ಸ್ ಹಾಕಿದ್ದೆ ಎಂದು ಹುಡುಗರು ಈಗಲೂ ಕೇಳುತ್ತಾರೆ. ನಿಜವಾಗಿ ನೆನಪಿಲ್ಲ. ಅವತ್ತು ಎಲ್ಲಿ ನಿಂತು, ಯಾವುದರಲ್ಲಿ ತೆಗೆದಿದ್ದರೂ ನಡೆಯುತ್ತಿತ್ತು. ಚಿತ್ರದಲ್ಲಿರುವುದು ಗೆರೆ ದಾಟುತ್ತಿರುವ ನಂದಿನಿ, ಅಂಚಿನಲ್ಲಿ ಕುಣಿಯುತ್ತಿರುವ ಸೆಲ್ವಿ, ಮತ್ತು ಅವರಿಬ್ಬರ ಹಿಂದೆ ತಿರುವಿನವರೆಗೂ ಇನ್ನೊಬ್ಬ ಓಟಗಾರ್ತಿಯಿಲ್ಲದೆ ಖಾಲಿ ಬಿದ್ದಿರುವ ಟ್ರ್ಯಾಕು.